ಗ್ರಾಮದಲ್ಲಿ ಬಡವರ ಮನೆ: ನಿವೇಶನ, ಹಣ ಮತ್ತು ಕಟ್ಟಡ

ಬೇಸಾಯಕ್ಕೆ ನೆಲ, ನೀರು, ಬೀಜ, ಗೊಬ್ಬರಗಳು ಎಷ್ಟು ಅವಶ್ಯಕವೋ ದುಡಿಯುವ ಕೈಗಳೂ ಅಷ್ಟೇ ಅವಶ್ಯಕವೆಂಬುದು ಭೂಮಾಲಿಕರೆಲ್ಲರೂ ಬಲ್ಲ ಮಾತು. ನಾಟಿಯ ಕಾಲದಲ್ಲಿಯೂ ಕೊಯಿಲಿನ ಕಾಲದಲ್ಲಿಯೂ ಆಳು ದೊರೆಯದೆಂಬ ದೂರು ಇಂದು ಎಲ್ಲ ಕಡೆಗಳಲ್ಲಿಯೂ ಕೇಳಿಬರುತ್ತಿರುವುದು. ಆದರೆ ಆ ಆಳು ರಾತ್ರಿ ತಲೆಯಿಡುವ ಮನೆ ಎಂಥದು, ಅದು ನಿಂತಿರುವ ನೆಲ ಯಾರದು, ಅದನ್ನು ಕಟ್ಟಲು ತಂದ ಸಾಲಕ್ಕೆ ಬಡ್ಡಿ ಎಷ್ಟು ಎಂಬ ವಿಚಾರವನ್ನು ಮಾಡುವವರು ಕಡಿಮೆ. ನೆಲೆಯಿಲ್ಲದ ಕುಟುಂಬವು ಯಾವ ಊರಿನಲ್ಲಿಯೂ ಬಹುಕಾಲ ನಿಲ್ಲಲಾರದು. ಆದುದರಿಂದ ಬಡವರ ಮನೆಯ ಪ್ರಶ್ನೆಯು ಕೇವಲ ದಾನಧರ್ಮದ ಪ್ರಶ್ನೆಯಲ್ಲ. ಬೇಸಾಯದ ಪ್ರಶ್ನೆಯೂ ಅಹುದು.

ಸರಕಾರದ ಸಹಾಯಧನವು ಮಂಜೂರಾದ ಮೇಲೂ ಅನೇಕ ಮನೆಗಳು ಕಿಟಕಿಯ ಮಟ್ಟಕ್ಕೆ ಬಂದು ನಿಂತುಹೋಗುತ್ತವೆ. ಇದಕ್ಕೆ ಮುಖ್ಯವಾದ ಕಾರಣಗಳು ಮೂರು. ಮೊದಲನೆಯದು, ನಿವೇಶನಕ್ಕೆ ದಾಖಲೆ ಇಲ್ಲದಿರುವುದು. ಎರಡನೆಯದು, ಕೆಲಸ ಮುಂದೆ, ಹಣ ಹಿಂದೆ ಎಂಬಂತಾಗುವುದು. ಮೂರನೆಯದು, ಹತ್ತಿರದ ಸಾಮಗ್ರಿಯನ್ನು ಬಿಟ್ಟು ದೂರದ ಸಾಮಗ್ರಿಗೆ ಹಣ ಸುರಿಯುವುದು. ಈ ಮೂರು ತೊಡಕುಗಳನ್ನು ಬಿಡಿಸುವ ಶಕ್ತಿ ಬಹುಮಟ್ಟಿಗೆ ಊರಿನ ಹಿರಿಯರ ಕೈಯಲ್ಲಿಯೇ ಉಂಟು.

ಸರಕಾರದ ನೆರವು

ಗ್ರಾಮಾಂತರದ ಬಡವರಿಗೆ ಮನೆ ಕಟ್ಟಿಕೊಡುವ ಕೇಂದ್ರದ ಏರ್ಪಾಡು ೧೯೮೫ರಲ್ಲಿ ಇಂದಿರಾ ಆವಾಸ್ ಯೋಜನೆಯೆಂಬ ಹೆಸರಿನಿಂದ ಮೊದಲಾಯಿತು. ಕರ್ನಾಟಕದಲ್ಲಿ ೧೯೯೧-೯೨ರಲ್ಲಿ ಆಶ್ರಯ ಯೋಜನೆಯು ಬಂದಿತು. ೨೦೦೦ದಲ್ಲಿ ಈ ಕೆಲಸಕ್ಕೆಂದೇ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪಿತವಾಯಿತು. ೨೦೧೬ರಲ್ಲಿ ಇಂದಿರಾ ಆವಾಸ್ ಯೋಜನೆಯ ಸ್ಥಾನದಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಶಾಖೆಯು ಜಾರಿಗೆ ಬಂದಿತು. ಇದರಲ್ಲಿ ಬಯಲು ಸೀಮೆಯ ಒಂದು ಮನೆಗೆ ೧,೨೦,೦೦೦ ರೂಪಾಯಿಗಳ ಸಹಾಯಧನವೂ, ಅಡುಗೆಯ ಸ್ಥಳವೂ ಸೇರಿ ಕನಿಷ್ಠ ೨೫ ಚದರ ಮೀಟರು ವಿಸ್ತೀರ್ಣವೂ ನಿಗದಿಮಾಡಲ್ಪಟ್ಟವು. ಇಷ್ಟು ಸಾಲದವರು ೭೦,೦೦೦ ರೂಪಾಯಿಗಳವರೆಗೆ ಬ್ಯಾಂಕಿನಿಂದ ಸಾಲ ಪಡೆಯಲು ನೆರವು ನೀಡಬೇಕೆಂದೂ ನಿಯಮವಾಯಿತು. ೨೦೨೪ರಲ್ಲಿ ಕೇಂದ್ರ ಸಚಿವ ಸಂಪುಟವು ಈ ಯೋಜನೆಯನ್ನು ೨೦೨೮-೨೯ರವರೆಗೆ ಮುಂದುವರಿಸಿ, ಇನ್ನೂ ೨ ಕೋಟಿ ಮನೆಗಳಿಗೆ ಒಪ್ಪಿಗೆಯಿತ್ತಿತು.

ಸಹಾಯಧನದ ಮೊತ್ತವು ನಿಗದಿಯಾದಂದಿನಿಂದ ಸಿಮೆಂಟು, ಕಬ್ಬಿಣ, ಮರಳುಗಳ ಬೆಲೆಯೂ ಮೇಸ್ತ್ರಿಯ ಕೂಲಿಯೂ ಏರುತ್ತಲೇ ಬಂದಿರುವುವು. ಆದುದರಿಂದ ಸಹಾಯಧನವೆಂಬುದು ಮನೆಯ ಪೂರ್ತಿ ಬೆಲೆಯಲ್ಲ, ಅದರ ಒಂದು ಭಾಗ ಮಾತ್ರವೆಂದು ಫಲಾನುಭವಿಗೆ ಮೊದಲೇ ತಿಳಿಯಹೇಳತಕ್ಕದ್ದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಅನುಭವಿಗಳ ಮಾತು.

ನಿವೇಶನ

ತನ್ನದಲ್ಲದ ನೆಲದಲ್ಲಿ ಯಾರೂ ತೆಂಗಿನ ಸಸಿಯನ್ನು ನೆಡರು. ಅಂತೆಯೇ ಹಕ್ಕಿಲ್ಲದ ನಿವೇಶನದಲ್ಲಿ ಯಾರೂ ಗಟ್ಟಿಯಾದ ಗೋಡೆಯನ್ನು ಎಬ್ಬಿಸರು. ಜಮೀನಿನ ಮೂಲೆಯಲ್ಲಿ ಆಳಿಗೆ ಒಂದು ಗುಡಿಸಲು ಹಾಕಿಕೊಡುವ ಪದ್ಧತಿ ಹಳೆಯದು. ಕೆಲಸ ಬಿಟ್ಟ ದಿನವೇ ಗುಡಿಸಲನ್ನೂ ಬಿಡಬೇಕೆಂಬ ಭಯವಿರುವಲ್ಲಿ ಅವನು ಮಾಡಿಗೆ ಹೊಸ ಗರಿಯನ್ನು ಹೊದಿಸುವುದಕ್ಕೂ ಹಿಂಜರಿಯುವನು. ದಾಖಲೆಯಿಲ್ಲದವನಿಗೆ ಬ್ಯಾಂಕು ಸಾಲ ಕೊಡಲು ಒಪ್ಪದು; ಸಹಾಯಧನವೂ ಮಂಜೂರಾಗಲಾರದು.

ಕಾನೂನು ಈ ವಿಷಯದಲ್ಲಿ ಕೆಲವು ದಾರಿಗಳನ್ನು ತೆರೆದಿರುವುದು. ೧೯೬೧ರ ಕರ್ನಾಟಕ ಭೂಸುಧಾರಣಾ ಕಾಯಿದೆಯ ೩೮ನೆಯ ಕಲಮು, ಪರರ ಜಮೀನಿನಲ್ಲಿ ಮನೆ ಮಾಡಿಕೊಂಡು ವಾಸವಾಗಿರುವ ಕೃಷಿ ಕಾರ್ಮಿಕನ ವಾಸದ ಹಕ್ಕಿಗೆ ಸಂಬಂಧಿಸಿದುದು. ೧೯೬೪ರ ಭೂಕಂದಾಯ ಕಾಯಿದೆಗೆ ಸೇರಿಸಲ್ಪಟ್ಟ ೯೪-ಸಿ ಕಲಮು, ಗ್ರಾಮಾಂತರದ ಸರಕಾರಿ ನೆಲದಲ್ಲಿ ಗೊತ್ತುಪಡಿಸಿದ ದಿನಾಂಕಕ್ಕೆ ಮೊದಲೇ ಕಟ್ಟಿದ ವಾಸದ ಮನೆಗಳನ್ನು ಸಕ್ರಮಗೊಳಿಸಲು ಅವಕಾಶವನ್ನು ಕಲ್ಪಿಸಿತು. ದಾಖಲೆಯಲ್ಲಿ ಹೆಸರೇ ಇಲ್ಲದ ತಾಂಡಾ, ಹಟ್ಟಿ, ಹಾಡಿ, ಕ್ಯಾಂಪುಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸವೂ ನಡೆಯಿತು. ೨೦೨೩ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಇಂಥ ಹೊಸ ಗ್ರಾಮಗಳ ಸುಮಾರು ೫೦,೦೦೦ ಮಂದಿಗೆ ಹಕ್ಕುಪತ್ರಗಳು ನೀಡಲ್ಪಟ್ಟವು. ಇದಲ್ಲದೆ ೨೦೨೦ರ ಏಪ್ರಿಲಿನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಪ್ರಕಾರ ಡ್ರೋನುಗಳ ಮೂಲಕ ಗ್ರಾಮಠಾಣಾ ಪ್ರದೇಶಗಳನ್ನು ಅಳೆದು ಆಸ್ತಿಯ ಕಾರ್ಡುಗಳನ್ನು ಕೊಡಲಾಗುತ್ತಿರುವುದು.

ಸರಕಾರಿ ನೆಲವಿಲ್ಲದ ಊರಿನಲ್ಲಿ ಖಾಸಗಿ ಜಮೀನನ್ನು ಕೊಂಡು ನಿವೇಶನ ಹಂಚುವ ಪದ್ಧತಿಯೂ ಉಂಟು. ಇಲ್ಲಿ ಭೂಮಾಲಿಕರ ಮನಸ್ಸೇ ಮುಖ್ಯವಾದುದು. ಬೆಳೆ ಬಾರದ ತಗ್ಗಿನ ಜೌಗನ್ನೋ, ಹಳ್ಳದ ಮಗ್ಗುಲನ್ನೋ ಬಡವರ ಪಾಲಿಗೆ ತಳ್ಳಿದರೆ ಮೊದಲನೆಯ ದೊಡ್ಡ ಮಳೆಗೇ ಮನೆಗಳು ನೀರಿನಲ್ಲಿ ನಿಲ್ಲುವುವು. ಕೆರೆಯ ಅಂಗಳವನ್ನಂತೂ ಮುಟ್ಟಲೇಬಾರದು. ಅದರಿಂದ ಮನೆಯೂ ಕೆಡುವುದು, ಕೆರೆಯೂ ಕೆಡುವುದು. ನೀರು ಹರಿದುಹೋಗುವ, ದಾರಿಗೂ ಕುಡಿಯುವ ನೀರಿಗೂ ಸಮೀಪವಾದ ಎತ್ತರದ ನೆಲವನ್ನೇ ಆರಿಸತಕ್ಕದ್ದು.

ಹಣದ ಏರ್ಪಾಡು

ಸಹಾಯಧನವು ಒಂದೇ ಸಲಕ್ಕೆ ಕೈಗೆ ಬರುವುದಿಲ್ಲ. ತಳಪಾಯ, ಲಿಂಟಲ್, ಮಾಡು, ಪೂರ್ಣಗೊಂಡ ಮನೆ ಎಂಬ ಒಂದೊಂದು ಹಂತದ ಛಾಯಾಚಿತ್ರವನ್ನು ತೆಗೆದು ಕಳುಹಿಸಿದ ಮೇಲೆ ಕಂತುಗಳು ಫಲಾನುಭವಿಯ ಬ್ಯಾಂಕಿನ ಲೆಕ್ಕಕ್ಕೆ ಜಮೆಯಾಗುವುವು. ಹಣವು ಬೇರೆಯವರ ಕೈಸೇರದಂತೆ ಮಾಡಿದ ಈ ಏರ್ಪಾಡು ಒಳ್ಳೆಯದೇ ಸರಿ. ಆದರೆ ಕೂಲಿಯವನು ಮೊದಲು ಕೆಲಸ ಮಾಡಿಸಿ ಆಮೇಲೆ ಹಣ ಪಡೆಯಬೇಕಾಗುವುದರಿಂದ, ಪ್ರತಿಯೊಂದು ಹಂತಕ್ಕೂ ಅವನಿಗೆ ಕೈಬಂಡವಾಳ ಬೇಕು. ಅದಿಲ್ಲದವನು ಲೇವಾದೇವಿಯವರ ಬಾಗಿಲಿಗೆ ಹೋಗುವನು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ತಿಂಗಳಿಗೆ ನೂರಕ್ಕೆ ೩ ರೂಪಾಯಿ ಬಡ್ಡಿಯಂತೆ ೫೦,೦೦೦ ರೂಪಾಯಿ ಸಾಲ ತಂದವನು ತಿಂಗಳಿಗೆ ೧,೫೦೦ರಂತೆ ವರುಷಕ್ಕೆ ೧೮,೦೦೦ ರೂಪಾಯಿಗಳನ್ನು ಬಡ್ಡಿಗೇ ತೆರಬೇಕು. ಅಸಲು ಹಾಗೆಯೇ ಉಳಿಯುವುದು. ಅದೇ ಹಣಕ್ಕೆ ವರುಷಕ್ಕೆ ನೂರಕ್ಕೆ ೯ರಂತೆ ಬಡ್ಡಿಯಾದರೆ ತೆರುವುದು ೪,೫೦೦ ರೂಪಾಯಿ ಮಾತ್ರ. ಉಳಿದ ೧೩,೫೦೦ ರೂಪಾಯಿಗಳಲ್ಲಿ ಬಾಗಿಲು ಕಿಟಕಿಗಳ ಖರ್ಚಿಗೆ ಬಹಳಷ್ಟು ಒದಗುವುದು. ಮನೆ ಅರ್ಧಕ್ಕೆ ನಿಂತರಂತೂ, ವಾಸಮಾಡಲಾಗದ ಮನೆಗೆ ಬಡ್ಡಿ ತೆರುವ ದುರವಸ್ಥೆ ಒದಗುವುದು.

ಭೂಮಾಲಿಕರು ಮುಂಗಡ ಹಣ ಕೊಟ್ಟು ಅದಕ್ಕೆ ಬದಲಾಗಿ ದುಡಿಮೆಯನ್ನು ಬರೆಯಿಸಿಕೊಳ್ಳುವ ಹಳೆಯ ರೂಢಿಯನ್ನು ಇಲ್ಲಿ ಎಂದಿಗೂ ಅನುಸರಿಸಕೂಡದು. ೧೯೭೬ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯ ಪ್ರಕಾರ ಅದು ಶಿಕ್ಷಾರ್ಹವಾದ ಅಪರಾಧ. ಮನೆಯ ಹೆಸರಿನಲ್ಲಿ ಕೊಟ್ಟ ಮುಂಗಡವೂ ಇದಕ್ಕೆ ಹೊರತಲ್ಲ. ಸಹಾಯಮಾಡಬೇಕೆಂಬ ಮನಸ್ಸುಳ್ಳವರು ಆ ಹಣವನ್ನು ಊರಿನ ಸಹಕಾರ ಸಂಘದಲ್ಲಿ ಠೇವಣಿಯಾಗಿ ಇಟ್ಟು, ಸಂಘದ ಮೂಲಕವೇ ಸಾಲ ದೊರೆಯುವಂತೆ ಮಾಡುವುದು ಲೇಸು. ಇದರಿಂದ ಕೊಟ್ಟವರಿಗೆ ಬಡ್ಡಿಯುಂಟು. ಪಡೆದವನಿಗೆ ಯಾರ ಹಂಗೂ ಇಲ್ಲ.

ಇಂಥ ಕೆಲಸ ಕನ್ನಡನಾಡಿಗೆ ಹೊಸದಲ್ಲ. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರುಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಊರಿನ ಹಿರಿಯರೊಬ್ಬರು ಮುಂದೆ ನಿಂತುದರಿಂದಲೇ ಅದು ಸಾಧ್ಯವಾಯಿತು. ನೆರೆಯ ಬಾಂಗ್ಲಾದೇಶದಲ್ಲಿ ಗ್ರಾಮೀಣ ಬ್ಯಾಂಕು ೧೯೮೪ರಿಂದ ಬಡವರಿಗೆ ಮನೆಯ ಸಾಲವನ್ನು ಕೊಡತೊಡಗಿತು. ಹಿಂದಿನ ಸಾಲವನ್ನು ಸರಿಯಾಗಿ ತೀರಿಸಿದ ಸದಸ್ಯರಿಗೆ ಸಾಲ, ವಾರದ ಸಣ್ಣ ಕಂತು, ನಿವೇಶನದ ಹಕ್ಕು ಹೆಂಗಸಿನ ಹೆಸರಿನಲ್ಲಿ ಎಂಬುವು ಅದರ ಕಟ್ಟಳೆಗಳು. ನಾಲ್ಕು ಕಾಂಕ್ರೀಟು ಕಂಬಗಳು, ಮಾಡಿನ ತಗಡು, ಶೌಚಗೃಹ ಇವಿಷ್ಟು ಗಟ್ಟಿಯಾಗಿದ್ದರೆ ಗೋಡೆಯನ್ನು ಕುಟುಂಬದವರೇ ಕೈಲಾದಂತೆ ಕಟ್ಟಿಕೊಳ್ಳುತ್ತಿದ್ದರು. ಈ ಕೆಲಸಕ್ಕೆ ೧೯೮೯ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯು ಬಂದಿತು. ನಮ್ಮ ಹಳ್ಳಿಗಳಲ್ಲಿ ಇರುವ ಹೆಂಗಸರ ಸ್ವಸಹಾಯ ಸಂಘಗಳಿಂದಲೂ ಇಂಥ ಕೆಲಸವನ್ನು ಸಾಧಿಸಬಹುದು. ಒಂದು ಕಂತು ಬರುವವರೆಗೆ ಬೇಕಾದ ಹಣವನ್ನು ಸಂಘವು ಕೊಟ್ಟು, ಕಂತು ಬಂದೊಡನೆ ಹಿಂದಕ್ಕೆ ಪಡೆದರೆ ಅದೇ ಹಣವು ಮತ್ತೊಂದು ಮನೆಗೆ ಒದಗುವುದು.

ನೆಲ ಮತ್ತು ಗೋಡೆ

ಬೆಳೆಗೆ ಹೇಗೋ ಮನೆಗೂ ಹಾಗೆಯೇ ಮಣ್ಣಿನ ಗುಣವನ್ನು ಮೊದಲು ನೋಡತಕ್ಕದ್ದು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲೆ ಕಟ್ಟಿದ ಗೋಡೆಗಳು ಸೀಳುಬಿಡುವುವು. ಅಂಥಲ್ಲಿ ಬೇಸಿಗೆಯ ಬಿರುಕುಗಳು ಇಳಿಯುವ ಆಳವನ್ನು ದಾಟಿ ಪಾಯ ತೋಡಿ, ತಳಕ್ಕೆ ದಪ್ಪ ಮರಳನ್ನೋ ಗರಸನ್ನೋ ತುಂಬಿ ದಮ್ಮಸ್ಸು ಮಾಡಬೇಕು. ಮಾಡಿನ ನೀರು ಗೋಡೆಯ ಬುಡದಲ್ಲಿ ಇಂಗದಂತೆ ಸುತ್ತಲೂ ಇಳಿಜಾರು ಇರಬೇಕು.

ಕೆಮ್ಮಣ್ಣಿನ ಸೀಮೆಯವರಿಗೆ ಬೇರೊಂದು ಅನುಕೂಲವಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗವು ಗ್ರಾಮಗಳಿಗೆ ತಕ್ಕ ವಿಧಾನಗಳನ್ನು ಹುಡುಕಿತು. ಅಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮೊದಲಾದವರು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿದರು. ಮರಳಿನ ಅಂಶ ಹೆಚ್ಚಾಗಿಯೂ ಜೇಡಿಯ ಅಂಶ ಕಡಿಮೆಯಾಗಿಯೂ ಇರುವ ಮಣ್ಣಿಗೆ ನೂರಕ್ಕೆ ಸುಮಾರು ೭ ಪಾಲು ಸಿಮೆಂಟನ್ನು ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರಗಳ ಕಾಲ ಒಣಗದಂತೆ ನೀರುಣಿಸಿದರೆ ಇಟ್ಟಿಗೆ ಸಿದ್ಧವಾಗುವುದು. ಗೂಡು ಬೇಡ, ಸೌದೆಯೂ ಬೇಡ. ಗಾಜಿನ ಸೀಸೆಯಲ್ಲಿ ಮಣ್ಣನ್ನೂ ನೀರನ್ನೂ ಹಾಕಿ ಕುಲುಕಿ ಇಟ್ಟರೆ ಮರಳು ಮೊದಲು ತಳಕ್ಕಿಳಿಯುವುದು, ಜೇಡಿಯು ಕಡೆಗೆ ನಿಲ್ಲುವುದು. ಮಣ್ಣು ತಕ್ಕುದೇ ಎಂಬುದನ್ನು ಇದರಿಂದ ಸ್ಥೂಲವಾಗಿ ಅರಿಯಬಹುದು. ಹೊಲದ ಮೇಲ್ಮಣ್ಣನ್ನು ಮಾತ್ರ ಈ ಕೆಲಸಕ್ಕೆ ತೆಗೆಯಬಾರದು. ಅದು ಬೆಳೆಯ ಜೀವ. ಬಾವಿ ಅಥವಾ ಪಾಯ ತೋಡುವಾಗ ಬಂದ ಕೆಳಮಣ್ಣೇ ಇಟ್ಟಿಗೆಗೆ ಮೇಲು.

ಸುಟ್ಟ ಇಟ್ಟಿಗೆಯನ್ನೇ ಉಪಯೋಗಿಸುವವರು ಕೇರಳದಲ್ಲಿ ಲಾರಿ ಬೇಕರ್ ಎಂಬುವರು ಪ್ರಚಾರಕ್ಕೆ ತಂದ ವಿಧಾನವನ್ನು ಗಮನಿಸಬಹುದು. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಗೋಡೆಯ ನಡುವೆ ಪೊಳ್ಳು ಬಿಟ್ಟು ಕಟ್ಟುವ ಈ ವರಸೆಯಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುವುದು, ಮನೆಯೂ ತಂಪಾಗಿರುವುದು.

ಅಗ್ಗದ ಮನೆಯೆಂದರೆ ದುರ್ಬಲವಾದ ಮನೆಯೆಂದು ಅರ್ಥವಲ್ಲ. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಸಂಭವಿಸಿದ ಭೂಕಂಪದಲ್ಲಿ ಸಾವಿರಾರು ಜನರು ಮಲಗಿದ್ದಲ್ಲಿಯೇ ಮಡಿದರು. ಮಣ್ಣಿನ ಗಾರೆಯಲ್ಲಿ ಕಾಡುಗಲ್ಲನ್ನಿಟ್ಟು ಕಟ್ಟಿದ ದಪ್ಪ ಗೋಡೆಗಳೂ ಮೇಲೆ ಹೇರಿದ ಮಣ್ಣಿನ ಭಾರವಾದ ಮಾಳಿಗೆಗಳೂ ಅದಕ್ಕೆ ಮುಖ್ಯ ಕಾರಣವಾದುವು. ಬೀದರ್, ಕಲಬುರಗಿ ಸೀಮೆಗಳಲ್ಲಿಯೂ ಇಂಥ ಮನೆಗಳುಂಟು. ಗೋಡೆಯ ಎರಡು ಮುಖಗಳನ್ನೂ ಹಿಡಿದು ನಿಲ್ಲುವ ಉದ್ದ ಕಲ್ಲುಗಳನ್ನು ನಡುನಡುವೆ ಇಡುವುದು, ಲಿಂಟಲ್ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿಯನ್ನು ಹಾಕುವುದು ಇವೆರಡರ ಖರ್ಚು ಸ್ವಲ್ಪ, ರಕ್ಷಣೆ ಬಹಳ.

ಕಾಲದ ಲೆಕ್ಕ ಮತ್ತು ಹಿರಿಯರ ಕರ್ತವ್ಯ

ಬಿತ್ತನೆಗೆ ಹದ ತಪ್ಪಿದರೆ ಬೆಳೆ ಕೆಡುವಂತೆ, ಕಟ್ಟಡಕ್ಕೂ ಹದ ತಪ್ಪಬಾರದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾವಿಗಳು ಬತ್ತುವುದರಿಂದ ಗೋಡೆಗೆ ನೀರುಣಿಸುವುದು ಕಷ್ಟ. ಜೂನಿನಲ್ಲಿ ಮಳೆ ಹಿಡಿದರೆ ಮಾಡಿಲ್ಲದ ಗೋಡೆಗೆ ಅಪಾಯ. ಆದುದರಿಂದ ಡಿಸೆಂಬರಿನಲ್ಲಿ ಇಟ್ಟಿಗೆ, ಜನವರಿಯಲ್ಲಿ ಪಾಯ, ಮಾರ್ಚಿನೊಳಗೆ ಗೋಡೆ, ಮೇ ಮುಗಿಯುವ ಮೊದಲೇ ಮಾಡು ಎಂಬ ಕ್ರಮವನ್ನು ಇಟ್ಟುಕೊಳ್ಳುವುದು ಯುಕ್ತ. ಸುಗ್ಗಿಯ ನಂತರದ ಈ ಬಿಡುವಿನಲ್ಲಿ ಮನೆಯವರೆಲ್ಲರ ದುಡಿಮೆಯೂ ಒದಗುವುದು.

ಗ್ರಾಮದ ಮುಖಂಡರೂ ಭೂಮಾಲಿಕರೂ ಕೈಕೊಳ್ಳತಕ್ಕ ಕೆಲಸಗಳು ಇವು:

೧. ಮನೆಯಿಲ್ಲದವರ, ನಿವೇಶನವಿಲ್ಲದವರ ಮತ್ತು ದಾಖಲೆಯಿಲ್ಲದವರ ಹೆಸರುಗಳನ್ನು ಬೇರೆಬೇರೆಯಾಗಿ ಬರೆಯಿಸಿ, ಪಟ್ಟಿಯನ್ನು ಗ್ರಾಮಸಭೆಯಲ್ಲಿ ಎಲ್ಲರೆದುರಿಗೆ ಓದಿಸುವುದು. ತಮ್ಮವರು, ಪರರು ಎಂಬ ಭೇದವನ್ನು ಇಲ್ಲಿ ಎಣಿಸಕೂಡದು.

೨. ಹಕ್ಕುಪತ್ರವು ಗಂಡಹೆಂಡಿರಿಬ್ಬರ ಹೆಸರಿನಲ್ಲಿ ಅಥವಾ ಹೆಂಗಸಿನ ಹೆಸರಿನಲ್ಲಿ ಆಗುವಂತೆ ನೋಡಿಕೊಳ್ಳುವುದು.

೩. ಎಂಟು ಹತ್ತು ಕುಟುಂಬಗಳನ್ನು ಕೂಡಿಸಿ ಸಿಮೆಂಟು, ಕಬ್ಬಿಣಗಳನ್ನು ಒಟ್ಟಾಗಿ ಕೊಳ್ಳಿಸುವುದು. ಒಬ್ಬ ನುರಿತ ಮೇಸ್ತ್ರಿಯನ್ನೂ ಒಂದು ಇಟ್ಟಿಗೆಯ ಯಂತ್ರವನ್ನೂ ಎಲ್ಲರಿಗೂ ಗೊತ್ತುಮಾಡುವುದು.

೪. ಕಂತು ಬರುವವರೆಗಿನ ಹಣಕ್ಕೆ ಸಹಕಾರ ಸಂಘ ಅಥವಾ ಸ್ವಸಹಾಯ ಸಂಘದಲ್ಲಿ ಮೊದಲೇ ಏರ್ಪಾಡು ಮಾಡಿಸುವುದು.

೫. ಈಗಾಗಲೇ ಅರ್ಧಕ್ಕೆ ನಿಂತಿರುವ ಮನೆಗಳನ್ನು ಎಣಿಸಿ, ಹೊಸದನ್ನು ಆರಂಭಿಸುವ ಮೊದಲು ಅವುಗಳಿಗೆ ಮಾಡು ಹಾಕಿಸುವುದು.

ಇವುಗಳಲ್ಲಿ ಕಡೆಯದೇ ಎಲ್ಲಕ್ಕೂ ಮೊದಲು ಆಗತಕ್ಕ ಕೆಲಸ. ನಿಂತ ಗೋಡೆಗೆ ಒಂದು ಮಳೆಗಾಲ ಕಳೆದಷ್ಟೂ ಖರ್ಚು ಹೆಚ್ಚುವುದು. ಆ ಕುಟುಂಬವು ಊರು ಬಿಡುವ ದಿನವೂ ಸಮೀಪಿಸುವುದು.