ದಾಸೋಹದ ಒಲೆಗೆ ಹೊಲದ ಉರುವಲು

ಸೌದೆ ಮಾರುವುದನ್ನೇ ಕಾಯಕ ಮಾಡಿಕೊಂಡ ಮೋಳಿಗೆ ಮಾರಯ್ಯ ಶರಣರನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಆ ಸೌದೆ ನಮ್ಮ ಒಲೆಗಳಲ್ಲಿ ಹೇಗೆ ಉರಿಯುತ್ತಿದೆಯೆಂದು ಮಾತ್ರ ವಿಚಾರಿಸಿದ್ದು ಕಡಿಮೆ.

ಹತ್ತಿ ಬಿಡಿಸಿದ ಮೇಲೆ ಹಾವೇರಿಯ ಸುತ್ತಲಿನ ಹೊಲಗಳಲ್ಲಿ ಹತ್ತಿಕಟ್ಟಿಗೆ ನಿಂತಿರುತ್ತದೆ. ರಾಣೇಬೆನ್ನೂರಿನ ಕಡೆ ಗೋವಿನಜೋಳ ಒಕ್ಕಿದಲ್ಲಿ ಬೆಂಡಿನ ರಾಶಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟಿನ ಗುಡ್ಡೆ. ಇವುಗಳಲ್ಲಿ ಎಷ್ಟೋ ಭಾಗ ಹೊಲದಲ್ಲಿಯೇ ಬೂದಿಯಾಗುತ್ತದೆ. ರೈತರ ಸ್ವಂತ ನೀಲಗಿರಿ ತೋಪುಗಳ ರೆಂಬೆ, ತೊಗಟೆಯೂ ಉರುವಲೇ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದೊಳಗಿನದನ್ನು ಮಾತ್ರ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಮುಟ್ಟಲಾಗದು.

ಹೊಗೆಯೆಂದರೆ ಉರಿಯದೆ ಓಡಿಹೋದ ಉರುವಲು. ಒಣಕಟ್ಟಿಗೆಯ ತೂಕದ ನೂರರಲ್ಲಿ ಸುಮಾರು 75ರಿಂದ 80 ಭಾಗ ಕಾವಿಗೆ ಅನಿಲವಾಗಿ ಹೊರಬೀಳುತ್ತದೆ. ಉಳಿದ ಕೆಂಡಕ್ಕೆ ಕೆಳಗಿನಿಂದ ಗಾಳಿ ಸಾಕು. ಈ ಅನಿಲಕ್ಕೆ ಕೆಂಡದ ಮೇಲೆ ಬೇರೆಯಾಗಿ ಗಾಳಿ ದೊರೆಯಬೇಕು, ಅದೂ ಉರಿ ತಣ್ಣಗಾಗುವ ಮೊದಲೇ. ದೊರೆಯದಿದ್ದರೆ ಅದು ಅಡುಗೆ ಮಾಡುವ ತಾಯಂದಿರ ಕಣ್ಣಿಗೂ ಎದೆಗೂ ಇಳಿಯುತ್ತದೆ. ಹಸಿಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು; ಅದನ್ನು ಆವಿ ಮಾಡುವುದರಲ್ಲಿಯೇ ಬೆಂಕಿಯ ಬಲ ಸೋರಿಹೋಗುತ್ತದೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ದಾರಿ ಹುಡುಕಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ 'ಅಸ್ತ್ರ' ವಿಭಾಗ ಆರಂಭವಾಯಿತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಗೆ ಮೂರು ಪಾತ್ರೆಗಳ ಗೂಡು, ಒಳಗೆ ಕಬ್ಬಿಣದ ಜಾಲರಿ, ಕೊನೆಯಲ್ಲಿ ಹೊಗೆಕೊಳವೆ. ಕಟ್ಟಿಗೆ ಉಳಿಯಿತು, ಅಡುಗೆಮನೆ ಹೊಗೆಯಿಂದ ಪಾರಾಯಿತು. ಆದರೆ ಕಟ್ಟಿಗೆಯನ್ನು ಸಣ್ಣಗೆ ಕಡಿಯಬೇಕು, ಕೊಳವೆಯ ಇಲ್ಲಣವನ್ನು ಆಗಾಗ ತೆಗೆಯಬೇಕು. ಇಷ್ಟು ಕೆಲಸವನ್ನು ಗಂಡಸರು ಹಂಚಿಕೊಳ್ಳದ ಮನೆಗಳಲ್ಲಿ ಎಂತಹ ಒಲೆಯೂ ಹಳೆಯ ಒಲೆಯಾಗುವುದು ಸಹಜವೇ.

ಇಂದು ಮನೆಮನೆಗೆ ಅನಿಲ ಬಂದಿದೆ. ಆದರೂ ಸ್ನಾನದ ನೀರಿನ ಹಂಡೆ, ಚುರುಮುರಿ ಭಟ್ಟಿ, ಜಾತ್ರೆಯ ದಾಸೋಹದ ದೊಡ್ಡ ಒಲೆಗಳು ಕಟ್ಟಿಗೆಯನ್ನೇ ಬೇಡುತ್ತವೆ. ಸುಧಾರಣೆ ಮೊದಲು ಆಗಬೇಕಾದದ್ದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಸಾವಿರ ಜನಕ್ಕೆ ಅನ್ನ ಬೇಯಿಸುವವರು ಮುಂಜಾವಿನಿಂದ ಹೊಗೆ ಕುಡಿಯಬೇಕೆಂದು ಯಾವ ಶರಣರೂ ವಿಧಿಸಿಲ್ಲ. ಜಾಲರಿ, ಮೇಲುಗಾಳಿಯ ಕಿಂಡಿ, ಎತ್ತರದ ಕೊಳವೆ ಇಷ್ಟನ್ನು ಅನುಭವಿ ಕೆಲಸಗಾರರಿಂದ ಕಟ್ಟಿಸಬಹುದು.

ಉರುವಲಿನ ಗುಣವನ್ನೂ ಅರಿತಿರಬೇಕು. ಚೆನ್ನಾಗಿ ಒಣಗಿದ ಬೆಂಡು ಸೊಗಸಾಗಿ ಉರಿಯುತ್ತದೆ. ಮೆಣಸಿನ ತೊಟ್ಟಿನಲ್ಲಿ ಬೀಜ, ಸಿಪ್ಪೆಯ ಚೂರು ಬೆರೆತಿರುವುದರಿಂದ ಮಂದ ಬೆಂಕಿಗೆ ಹಾಕಿದರೆ ಓಣಿಯೆಲ್ಲ ಕೆಮ್ಮುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಸೇರಿಸುವುದೇ ಲೇಸು. ಹತ್ತಿಕಟ್ಟಿಗೆಯನ್ನು ಮುಂದಿನ ಬಿತ್ತನೆಯವರೆಗೆ ಹೊಲದ ಬದುವಿನಲ್ಲಿ ಒಟ್ಟಿಡಬಾರದು. ಒಣಗಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಅಡಗಿದ್ದು ಹೊಸ ಬೆಳೆಗೆ ಏರುತ್ತದೆ. ಬೇಸಿಗೆಯಲ್ಲಿಯೇ ಕಾಯಿಗಳನ್ನು ಉದುರಿಸಿ ಸುಟ್ಟು, ಕಟ್ಟಿಗೆಯನ್ನು ಕತ್ತರಿಸಿ ಬಿಸಿಲಿಗೆ ಹಾಕಿ, ಮಳೆಗೆ ಮುನ್ನ ಉರಿಸಿ ಮುಗಿಸಬೇಕು.