ಎಲುಬಿನ ಗಟ್ಟಿತನ ಅಳೆಯುವ ಪರೀಕ್ಷೆ: ಯಾರಿಗೆ ಬೇಕು? ಯಾರಿಗೆ ಬೇಡ?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಯಾವ ಸಂಘದ ಸಭೆಗೆ ಹೋದರೂ "ಟೊಂಕ ನೋಯ್ತೈತ್ರೀ, ಎಲುಬು ಸವದಾವು" ಎಂಬ ಮಾತು ಕೇಳಿಬರುತ್ತದೆ. ಆದರೆ ಮೊಣಕಾಲಿನ ಕೀಲು ಸವೆಯುವುದು ಬೇರೆ, ಎಲುಬು ಒಳಗೊಳಗೇ ಟೊಳ್ಳಾಗುವುದು ಬೇರೆ. ಕೀಲು ಸವೆದರೆ ನೋವು ಬರುತ್ತದೆ. ಎಲುಬು ಟೊಳ್ಳಾದರೆ ಮುರಿಯುವ ತನಕ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಕೊಡ ಎತ್ತುವಾಗ ಬೆನ್ನೆಲುಬು ಕುಸಿಯಬಹುದು, ಬಚ್ಚಲಲ್ಲಿ ಜಾರಿದರೆ ತೊಡೆಯ ಎಲುಬು ಮುರಿಯಬಹುದು. ಈ ರೋಗಕ್ಕೆ ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ.

ಪರೀಕ್ಷೆ ಹೇಗೆ ಮಾಡುತ್ತಾರೆ?

ಪರೀಕ್ಷೆಯ ಹೆಸರು ಡೆಕ್ಸಾ. ಮೇಜಿನ ಮೇಲೆ ಅಲುಗಾಡದೆ ಮಲಗಬೇಕು. ಸೂಜಿ ಇಲ್ಲ, ನೋವಿಲ್ಲ. 10-15 ನಿಮಿಷ ಸಾಕು. ಬಹಳ ಕಡಿಮೆ ಎಕ್ಸ್-ರೇಯಿಂದ ಟೊಂಕದ ಬೆನ್ನೆಲುಬು ಮತ್ತು ತೊಡೆಯ ಮೇಲ್ತುದಿಯ ಎಲುಬನ್ನು ಅಳೆಯುತ್ತಾರೆ. ಹಿಂದಿನ ದಿನದಿಂದ ಕ್ಯಾಲ್ಸಿಯಂ ಗುಳಿಗೆ ತಿನ್ನಬಾರದು. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು.

ವರದಿಯಲ್ಲಿ 'ಟಿ-ಸ್ಕೋರ್' ಎಂದು ಬರೆದಿರುತ್ತದೆ. ಹರೆಯದ ಆರೋಗ್ಯವಂತ ಹೆಣ್ಣುಮಗಳ ಎಲುಬಿಗೆ ಹೋಲಿಸಿದ ಅಂಕಿ ಇದು.

* ಮೈನಸ್ 1 ಅಥವಾ ಅದಕ್ಕಿಂತ ಮೇಲೆ: ಎಲುಬು ಗಟ್ಟಿ ಇದೆ
* ಮೈನಸ್ 1ರಿಂದ ಮೈನಸ್ 2.5ರ ನಡುವೆ: ಗಟ್ಟಿತನ ಕಡಿಮೆಯಾಗಿದೆ
* ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ: ಆಸ್ಟಿಯೋಪೊರೋಸಿಸ್

ಯಾರು ವೈದ್ಯರನ್ನು ಕೇಳಬೇಕು?

* 65 ವರ್ಷ ದಾಟಿದವರು
* 45ಕ್ಕಿಂತ ಮೊದಲೇ ಮುಟ್ಟು ನಿಂತವರು
* 50ರ ನಂತರ ಸಣ್ಣಗೆ ಬಿದ್ದು ಎಲುಬು ಮುರಿದವರು
* ದಮ್ಮು, ಕೀಲುಬೇನೆಗೆ ಬಹಳ ದಿನ ಸ್ಟಿರಾಯ್ಡ್ ಗುಳಿಗೆ ನುಂಗಿದವರು

ಗರ್ಭಚೀಲದ ಆಪರೇಷನ್ ಆದವರು ಇದನ್ನು ಗಮನಿಸಿರಿ. ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯ ತೆಗೆದಿದ್ದರೆ, ವಯಸ್ಸು 35 ಇದ್ದರೂ ಅಂದಿನಿಂದಲೇ ಎಲುಬಿನ ಸವಕಳಿ ಜೋರಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಏನು ತೆಗೆದಿದ್ದಾರೆಂದು ಓದಿಸಿಕೊಳ್ಳಿರಿ. ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಎಷ್ಟೋ ಹೆಣ್ಣುಮಕ್ಕಳು ಸಣ್ಣ ವಯಸ್ಸಿನಲ್ಲೇ ಗರ್ಭಚೀಲ ತೆಗೆಸಿಕೊಂಡಿದ್ದು 2019ರಲ್ಲಿ ದೊಡ್ಡ ಸುದ್ದಿಯಾಗಿ, ಅಲ್ಲಿನ ಸರಕಾರ ವಿಚಾರಣೆ ಮಾಡಿಸಬೇಕಾಯಿತು. ಸಾಲ ತೆಗೆದು ಆಪರೇಷನ್‌ಗೆ ಹೋಗುವ ಮುಂಚೆ ಇನ್ನೊಬ್ಬ ವೈದ್ಯರನ್ನು ಕೇಳುವುದು ಒಳ್ಳೆಯದು.

ಮೋಸ ಹೋಗಬೇಡಿರಿ

ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಮಶಿನ್ ಡೆಕ್ಸಾ ಅಲ್ಲ. ಅದರ ಅಂಕಿ ನೋಡಿ ಪುಡಿ, ಡಬ್ಬಿ ಕೊಳ್ಳಬೇಡಿರಿ. ಹರೆಯದವರಿಗೆ ಬರೀ ಮೊಣಕಾಲು ನೋವಿದ್ದರೆ ಈ ಪರೀಕ್ಷೆ ಬೇಕಿಲ್ಲ. ವಿಜಯಪುರಕ್ಕೆ ಬಸ್ ಹತ್ತುವ ಮೊದಲು ಫೋನ್ ಮಾಡಿ, ಡೆಕ್ಸಾ ಇದೆಯೇ, ರೊಕ್ಕ ಎಷ್ಟು ಎಂದು ಕೇಳಿರಿ.

ನಮ್ಮ ಜಿಲ್ಲೆಯ ಕೆಲವು ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಫ್ಲೋರೈಡ್ ಸೇರಿದ ಎಲುಬು ಪರೀಕ್ಷೆಯಲ್ಲಿ ಗಟ್ಟಿ ಕಂಡರೂ ಒಳಗೆ ಪೆಡಸಾಗಿರುತ್ತದೆ. ಯಾವ ನೀರು ಕುಡಿಯುತ್ತೀರಿ ಎಂದು ವೈದ್ಯರಿಗೆ ಹೇಳಿರಿ.

ಇಂದಿನಿಂದಲೇ ಏನು ಮಾಡಬಹುದು?

ಜೋಳದ ರೊಟ್ಟಿ ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಕ್ಯಾಲ್ಸಿಯಂ ಕಡಿಮೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಇದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಸಂಕ್ರಾಂತಿಗಷ್ಟೇ ಯಾಕೆ ಮಾಡಬೇಕು? ಗುರೆಳ್ಳು ಚಟ್ನಿ, ನುಗ್ಗೆ ಸೊಪ್ಪು, ಹುರಳಿ, ಮೊಸರು, ಮಜ್ಜಿಗೆ ದಿನಾ ಊಟದಲ್ಲಿರಲಿ. ಮೈಗೆ ಬಿಸಿಲು ಬೀಳಲಿ. ಬಚ್ಚಲು ಜಾರದಂತೆ ನೋಡಿಕೊಳ್ಳಿರಿ.

ಮುಂದಿನ ಸಭೆಯಲ್ಲಿ ಮೇಲಿನ ಪಟ್ಟಿ ಓದಿ, ಯಾರ‍್ಯಾರು ಅದರಲ್ಲಿ ಬರುತ್ತೀರಿ ನೋಡಿರಿ. ಮನೆಯಲ್ಲಿರುವ ಅತ್ತೆ, ಅವ್ವನನ್ನು ಮರೆಯಬೇಡಿರಿ.