ಪೊದೆಗಪ್ಪೆಗಳ ಕುಲಮೂಲ

ಮಲೆನಾಡಿನಲ್ಲಿ ಮುಂಗಾರು ಹಿಡಿದ ಇರುಳು ಕಾಫಿ ತೋಟದ ಅಂಚಿನಲ್ಲಾಗಲಿ ಕಾಡಿನ ಪೊದೆಗಳಲ್ಲಾಗಲಿ ‘ಟಿಕ್ ಟಿಕ್’ ಎಂಬ ಒಣದನಿಯೊಂದು ಎಡೆಬಿಡದೆ ಕೇಳಿಬರುವುದುಂಟು. ಅದನ್ನು ಕೀಟದ ಸದ್ದೆಂದೇ ಬಗೆಯುವವರು ಹಲವರು. ವಾಸ್ತವವಾಗಿ ಅದು ಹೆಬ್ಬೆರಳಿನ ತುದಿಯಷ್ಟೇ ಗಾತ್ರದ ಗಂಡುಕಪ್ಪೆಯ ಕೂಗು. ಕನ್ನಡದಲ್ಲಿ ಪೊದೆಗಪ್ಪೆ ಎನಿಸಿಕೊಂಡ ಈ ಜೀವಿಯ ವೈಜ್ಞಾನಿಕ ಹೆಸರು ರಾವೋರ್ಕೆಸ್ಟಿಸ್. ಇದು ಒಂದು ಪ್ರಭೇದದ ಹೆಸರಲ್ಲ. ೭೦ಕ್ಕೂ ಹೆಚ್ಚು ಪ್ರಭೇದಗಳನ್ನೊಳಗೊಂಡ ಒಂದು ಜಾತಿಯ ಹೆಸರು. ಅವುಗಳಲ್ಲಿ ಬಹುಪಾಲು ಪಶ್ಚಿಮ ಘಟ್ಟಗಳಿಗೇ ಸೀಮಿತ. ಉಳಿದ ಕೆಲವು ಈಶಾನ್ಯ ಭಾರತ, ಮ್ಯಾನ್ಮಾರ್, ಚೀನದ ದಕ್ಷಿಣ ಭಾಗ ಮೊದಲಾದೆಡೆ ಇವೆ.

ಈ ಜಾತಿಯ ಲಕ್ಷಣಗಳು ಇವು: ಮೈಯುದ್ದ ಸುಮಾರು ೧೫ರಿಂದ ೪೫ ಮಿಲಿಮೀಟರ್, ಅಂಗುಳಿನಲ್ಲಿ ಹಲ್ಲುಗಳಿಲ್ಲ, ಕೂಗುವಾಗ ಗಂಡಿನ ಗಂಟಲಚೀಲ ಉಬ್ಬಿ ಆಚೆಯದು ಈಚೆ ಕಾಣುವಷ್ಟು ತೆಳ್ಳಗಾಗುತ್ತದೆ, ಸಂಚಾರವೆಲ್ಲ ಹೆಚ್ಚಾಗಿ ರಾತ್ರಿಯಲ್ಲಿ. ಇವೆಲ್ಲಕ್ಕಿಂತ ಮುಖ್ಯವಾದುದು ಅವುಗಳ ಸಂತಾನಕ್ರಮ. ಕಪ್ಪೆ ಎಂದೊಡನೆ ನೀರು, ನೀರಿನಲ್ಲಿ ಬಾಲವಾಡಿಸುವ ಗೊದಮೊಟ್ಟೆ ನೆನಪಿಗೆ ಬರುತ್ತದೆ. ಶಾಲೆಯ ಪಠ್ಯವೂ ಹಾಗೆಯೇ ಕಲಿಸುತ್ತದೆ. ಪೊದೆಗಪ್ಪೆ ಈ ನಿಯಮಕ್ಕೆ ಹೊರತು. ಒದ್ದೆ ಮಣ್ಣಿನಲ್ಲೋ ತರಗೆಲೆಯ ನಡುವೆಯೋ ಗಿಡದ ಎಲೆಯ ಮೇಲೋ ಹೆಣ್ಣು ಮೊಟ್ಟೆಯಿಡುತ್ತದೆ. ಗೊದಮೊಟ್ಟೆಯಾಗಿ ಈಜಬೇಕಾದ ಅವಸ್ಥೆಯನ್ನು ಮರಿ ಮೊಟ್ಟೆಯೊಳಗೇ ಕಳೆದು, ನಾಲ್ಕು ಕಾಲಿನ ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತದೆ. ಕೆರೆ ಹೊಂಡಗಳ ಹಂಗು ಹೀಗೆ ತಪ್ಪಿದ್ದರಿಂದಲೇ, ನೀರು ನಿಲ್ಲದ ಕಡಿದಾದ ಇಳಿಜಾರುಗಳಲ್ಲೂ ಶಿಖರಗಳ ಹುಲ್ಲುಗಾವಲುಗಳಲ್ಲೂ ಇವು ನೆಲೆಯೂರಲು ಸಾಧ್ಯವಾಯಿತು. ಆದರೆ ಗಾಳಿಯಲ್ಲಿ ತೇವವಿಲ್ಲದಿದ್ದರೆ ಮೊಟ್ಟೆ ಒಣಗಿಹೋಗುತ್ತದೆ. ಮೋಡ ಮುಸುಕಿದ ಕಾಡಿನ ಹೊರಗೆ ಇವು ವಿರಳವಾಗಿರುವುದರ ಕಾರಣ ಇದೇ.

ಇವುಗಳ ವರ್ಗೀಕರಣದ ಇತಿಹಾಸ ಅಷ್ಟು ಸರಳವಾದುದಲ್ಲ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಇವನ್ನು ಇಕ್ಸಾಲಸ್ ಎಂಬ ಹೆಸರಿನಡಿ ಇರಿಸಿದರು. ಮುಂದೆ ಫೈಲಾಟಸ್ ಎಂಬ ಹೆಸರು ರೂಢಿಗೆ ಬಂತು. ಜಾವಾ, ಬೋರ್ನಿಯೊ, ಸಿಂಹಳ, ದಕ್ಷಿಣ ಭಾರತ ಎನ್ನದೆ, ಗಿಡವೇರುವ ಸಣ್ಣ ಕಪ್ಪೆ ಎಲ್ಲಿ ಸಿಕ್ಕರೂ ಅದಕ್ಕೆ ಫೈಲಾಟಸ್ ಎನ್ನುವ ಪರಿಪಾಠ ಬೆಳೆಯಿತು. ಹೊರರೂಪವೊಂದನ್ನೇ ನಂಬಿ ಬಂಧುತ್ವ ಹೇಳಹೊರಟರೆ ಆಗುವ ಪ್ರಮಾದ ಇದೇ. ಡಿ.ಎನ್.ಎ. ಹೋಲಿಕೆಯ ವಿಧಾನ ಬಂದ ಮೇಲೆ ಒಂದೇ ಮನೆಯವರೆಂದು ಎಣಿಸಿದ್ದವರು ಬೇರೆ ಬೇರೆ ಮನೆಗಳವರೆಂದು ತಿಳಿಯಿತು. ನಿಜವಾದ ಫೈಲಾಟಸ್ ಆಗ್ನೇಯ ಏಷ್ಯದ್ದು, ಸಿಂಹಳದ್ದು ಸ್ಯೂಡೋಫೈಲಾಟಸ್, ನಮ್ಮ ಘಟ್ಟಗಳದ್ದು ಮೂರನೆಯ ಕವಲು. ಸಿಂಹಳದ ಕಪ್ಪೆಗಳೇ ಇದಕ್ಕೆ ಅತ್ಯಂತ ಸಮೀಪದ ದಾಯಾದಿಗಳು.

ಈ ಮೂರನೆಯ ಕವಲಿಗೆ ೨೦೧೦ರಲ್ಲಿ ಎಸ್. ಡಿ. ಬಿಜು ಮತ್ತು ಸಹೋದ್ಯೋಗಿಗಳು ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು. ಅದರ ಉತ್ತರಾರ್ಧ ಓರ್ಕೆಸ್ಟಿಸ್ ಎಂಬ ಹಳೆಯ ಜಾತಿನಾಮ. ಗ್ರೀಕ್ ಭಾಷೆಯಲ್ಲಿ ನರ್ತಕ ಎಂದರ್ಥ. ಪೂರ್ವಾರ್ಧ ಸಿ. ಆರ್. ನಾರಾಯಣರಾಯರ ಸ್ಮರಣೆ. ೧೮೮೨ರಿಂದ ೧೯೬೦ರವರೆಗೆ ಬಾಳಿದ ರಾಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ೧೯೩೨ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಸ್ಥಾಪಕರಲ್ಲೊಬ್ಬರು. ಅವರ ಹೆಸರಿನ ಜಾತಿ ಪ್ರಕಟವಾದದ್ದೂ ಅದೇ ಪತ್ರಿಕೆಯಲ್ಲಿ. ೧೯೩೭ರಲ್ಲಿ ರಾಯರು ಅಂದಿನ ಕಡೂರು ಜಿಲ್ಲೆಯ ಕೊಟ್ಟಿಗೆಹಾರದಿಂದ ವರ್ಣಿಸಿದ ಚಾರಿಯಸ್ ಎಂಬ ಪ್ರಭೇದ ಇಂದು ಇದೇ ಜಾತಿಯಲ್ಲಿದೆ. ವಿಷಾದದ ಸಂಗತಿಯೆಂದರೆ, ಕಾಲೇಜಿನಲ್ಲಿದ್ದ ರಾಯರ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಹೆಸರಿದೆ, ವರ್ಣನೆಯಿದೆ, ಆದರೆ ಹೋಲಿಸಿ ನೋಡಲು ಕಪ್ಪೆಯಿಲ್ಲ ಎಂಬ ಸ್ಥಿತಿಯಲ್ಲಿ ಮುಂದಿನವರು ರಾಯರು ಹೇಳಿದ ಬೆಟ್ಟಗಳನ್ನೇ ಮತ್ತೆ ಹುಡುಕಬೇಕಾಯಿತು. ಒಂದು ಸಂಗ್ರಹದ ಅಲಕ್ಷ್ಯ ಎಷ್ಟು ವರ್ಷಗಳ ದುಡಿಮೆಯನ್ನು ಹೆಚ್ಚಿಸಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹೆಸರುಗಳ ವೈಚಿತ್ರ್ಯಕ್ಕೂ ಇಲ್ಲಿ ಕೊರತೆಯಿಲ್ಲ. ಬಾಂಬೆಯೆನ್ಸಿಸ್ ಎಂದರೆ ಮುಂಬಯಿಯದು. ಆದರೆ ಆ ಕಪ್ಪೆ ೧೯೧೯ರಲ್ಲಿ ವರ್ಣಿತವಾದದ್ದು ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ! ಆ ಪ್ರದೇಶ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರಾಜ್ಯದ ಗಡಿ ಬದಲಾದರೂ ಶಾಸ್ತ್ರದ ಹೆಸರು ಬದಲಾಗದು.

ಒಂದೇ ಮೂಲದಿಂದ ಇಷ್ಟೊಂದು ಪ್ರಭೇದಗಳು ಹುಟ್ಟಿದ್ದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸೇರಿ ನಡೆಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದಲ್ಲ, ಹಲವು ಕಾರಣಗಳನ್ನು ಹೇಳುತ್ತದೆ. ಘಟ್ಟಸಾಲು ಅಖಂಡವಾದ ಗೋಡೆಯಲ್ಲ. ಪಾಲ್ಘಾಟ್, ಸೆಂಗೋಟೆಯಂಥ ಕಣಿವೆಗಳು ಅದನ್ನು ತುಂಡರಿಸಿವೆ. ಎತ್ತರದ ತಂಪಿಗೆ ಒಗ್ಗಿದ ಕಪ್ಪೆಗೆ ತಗ್ಗಿನ ಬಿಸಿ ಬಯಲು ದಾಟಲಾಗದ ಸಮುದ್ರವಿದ್ದಂತೆ. ಇದರೊಡನೆ ಹಿಮಯುಗಗಳ ಏರಿಳಿತದಲ್ಲಿ ತೇವದ ಕಾಡು ಹಬ್ಬಿ ಕುಗ್ಗಿ ಮಾಡಿದಾಗ ಕಪ್ಪೆಗಳ ಗುಂಪುಗಳು ಕೂಡಿ ಅಗಲಿದವು. ಬೇರಾದ ಗುಂಪು ತನ್ನ ಬೆಟ್ಟದಲ್ಲೇ ಲಕ್ಷಾಂತರ ವರ್ಷ ಬಾಳಿ ಬೇರೆಯೇ ಪ್ರಭೇದವಾಯಿತು. ಆನೆಮುಡಿ ಶಿಖರದ ಕಿತ್ತಳೆಗೆಂಪಿನ ರೆಸ್‌ಪ್ಲೆಂಡೆನ್ಸ್, ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯಿಂದ ಹೆಸರು ಪಡೆದ ಹೊನ್ನಮೆಟ್ಟಿ ಇಂಥವು. ಅತಿ ಗಿಡ್ಡ ಕಾಲುಗಳಿಂದ ನೆಲದಲ್ಲೇ ಬಾಳುವ ರೆಸ್‌ಪ್ಲೆಂಡೆನ್ಸ್ ನೋಟಕ್ಕೆ ಈ ಬಳಗದ್ದೆಂದು ತೋರುವುದೇ ಇಲ್ಲ.

ಒಂದೇ ಬೆಟ್ಟಕ್ಕೆ ಅಂಟಿದ ಬಾಳಿನಲ್ಲಿ ಅಪಾಯವೂ ಇದೆ. ಸಿಂಹಳದ ದಾಯಾದಿಗಳಲ್ಲಿ ೧೫ಕ್ಕೂ ಹೆಚ್ಚು ಪ್ರಭೇದಗಳು ಈಗಾಗಲೇ ಅಳಿದು, ವಸ್ತುಸಂಗ್ರಹಾಲಯದ ಸೀಸೆಗಳಲ್ಲಿ ಮಾತ್ರ ಉಳಿದಿವೆ. ದಕ್ಷಿಣ ಘಟ್ಟದ ಚಲಾಜೋಡಿಸ್ ೧೮೭೬ರಲ್ಲಿ ವರ್ಣಿತವಾಗಿ, ಶತಮಾನಕ್ಕೂ ಮೀರಿ ಕಣ್ಮರೆಯಾಗಿದ್ದು ಮತ್ತೆ ಪತ್ತೆಯಾಯಿತು. ಅದು ಮೊಟ್ಟೆಯಿಡುವುದು ವಾಟೆ ಬಿದಿರಿನ ಗೆಣ್ಣುಗಳ ನಡುವಿನ ಟೊಳ್ಳಿನಲ್ಲಿ. ಸಣ್ಣ ಬಿರುಕಿನಂಥ ರಂಧ್ರದಿಂದ ಮೈಹಿಂಡಿ ಒಳಹೊಕ್ಕು, ಮರಿಗಳಾಗುವವರೆಗೂ ಗಂಡೇ ಮೊಟ್ಟೆಗಳನ್ನು ಕಾಯುತ್ತದೆಂದು ೨೦೧೫ರಲ್ಲಿ ಕೆ. ಎಸ್. ಶೇಷಾದ್ರಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಕಾಗದಕ್ಕೂ ಬುಟ್ಟಿ ಚಾಪೆಗಳಿಗೂ ಕಡಿಯುವ ವಾಟೆಯೂ ಇದೇ.